ಬ್ರಷ್ ಮೋಟಾರಿನ ವೇಗ ಕಮ್ಯುಟೇಟರ್ ಮೇಲಿದೆ

ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರ್ ನಿಧಾನ ಅನ್ನಿಸಿದ ಕೂಡಲೇ ಹೊಸಬರ ಕೈ ಟೈಮಿಂಗ್ ಕಡೆ, ಅಂದರೆ ಸುರುಳಿಗಳಿಗೆ ಕರೆಂಟ್ ಬದಲಾಗುವ ಕ್ಷಣವನ್ನು ಹೊಂದಿಸುವ ಕಡೆ ಹೋಗುತ್ತದೆ. ಆದರೆ ಅಮೆರಿಕದ ಸ್ಟಾಕ್ ಕ್ಲಾಸಿನಲ್ಲಿ (ಎಲ್ಲರಿಗೂ ಒಂದೇ ಬಗೆಯ ಮೋಟಾರ್ ಇರುವ ರೇಸ್ ವರ್ಗ) ಓಡುತ್ತಿದ್ದ, ಪ್ರತಿ ಸುರುಳಿಗೆ 27 ಸುತ್ತು ತಂತಿಯ ಮೋಟಾರಿನಲ್ಲಿ ಟೈಮಿಂಗ್ 24 ಡಿಗ್ರಿಗೆ ಕೂತುಬಿಟ್ಟಿತ್ತು, ತಿರುಗಿಸುವ ಹಾಗೇ ಇರಲಿಲ್ಲ. ಆದರೂ ಒಬ್ಬರ ಮೋಟಾರ್ ಓಡುತ್ತಿತ್ತು, ಇನ್ನೊಬ್ಬರದು ಏದುಸಿರು ಬಿಡುತ್ತಿತ್ತು. ಬಹುಪಾಲು ವ್ಯತ್ಯಾಸ ಬ್ರಷ್ ಮತ್ತು ಕಮ್ಯುಟೇಟರ್ ಸೇರುವ ಜಾಗದಲ್ಲಿತ್ತು. ಅದಕ್ಕೇ ಪರೀಕ್ಷೆ ಅಲ್ಲಿಂದ ಶುರುಮಾಡೋಣ.

540 ಸೈಜಿನ ಈ ಮೋಟಾರಿನಲ್ಲಿ ತಿರುಗುವ ಭಾಗವಾದ ಆರ್ಮೇಚರಿಗೆ ಮೂರು ಸುರುಳಿ, ಅದರ ಶಾಫ್ಟಿನ ಮೇಲೆ ಕೂತ ದುಂಡು ಕಮ್ಯುಟೇಟರಿಗೆ ಮೂರು ತಾಮ್ರದ ತುಂಡು. ಎರಡು ಬ್ರಷ್ ಕಮ್ಯುಟೇಟರಿಗೆ ಉಜ್ಜಿಕೊಂಡು ಕರೆಂಟ್ ಕೊಡುತ್ತವೆ. ಮಿಕ್ಸಿ ನಿಂತಾಗ "ಕಾರ್ಬನ್ ಸವೆದಿದೆ" ಅಂತಾರಲ್ಲ, ಅದೇ ಈ ಬ್ರಷ್.

ಬ್ರಷ್ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಮುಖವೆಲ್ಲಾ ಒಂದೇ ಸಮ ಹೊಳೆಯಬೇಕು. ಒಂದೇ ಪಕ್ಕ ಹೊಳೆದರೆ ಬ್ರಷ್ ಕೂರುವ ಗೂಡು ವಾರೆಯಾಗಿದೆ. ನೀಲಿ ಬಣ್ಣ ಕಂಡರೆ ಅದು ಸುಟ್ಟಿದೆ, ಎಸೆದುಬಿಡಿ. ಜೊತೆಗೆ ಸ್ಪ್ರಿಂಗನ್ನೂ ನೋಡಿ. ಬಿಸಿಗೆ ಅದೂ ಮೆತ್ತಗಾಗುತ್ತದೆ, ಆಮೇಲೆ ಬ್ರಷ್ ಕುಣಿಯುತ್ತದೆ, ಕಿಡಿ ಜಾಸ್ತಿಯಾಗುತ್ತದೆ.

ಕಮ್ಯುಟೇಟರ್ ಮೇಲೆ ತೆಳು ಕಂದು ಬಣ್ಣ ಇದ್ದರೆ ಚಿಂತೆ ಇಲ್ಲ. ಕಪ್ಪುಗಟ್ಟಿದ್ದರೆ, ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ, ಚಿಕ್ಕ ಲೇತ್‌ನಲ್ಲಿ ಡೈಮಂಡ್ ಬಿಟ್ ಹಾಕಿ ಕಡೆಯಬೇಕು. ಒಂದು ಸಲಕ್ಕೆ ಕೂದಲೆಳೆಗಿಂತ ಕಡಿಮೆ ತೆಗೆಯಿರಿ. ಸುಮ್ನೆ ಮರಳು ಕಾಗದದಲ್ಲಿ ಉಜ್ಜಿದರೆ ಹೊಳಪು ಬರಬಹುದು, ಆದರೆ ದುಂಡು ಬರಲ್ಲ. ಬೇಕಾಗಿರುವುದು ದುಂಡು. ಕಡೆದ ಮೇಲೆ ತುಂಡುಗಳ ನಡುವಿನ ಮೂರು ಸಂದಿಗಳನ್ನೂ ಬ್ಲೇಡಿನ ತುದಿಯಿಂದ ಮೆಲ್ಲಗೆ ಬಿಡಿಸಿ. ತಾಮ್ರದ ಒಂದು ಸಣ್ಣ ಎಳೆ ಅಲ್ಲಿ ಉಳಿದರೂ ಸಾಕು, ಎರಡು ತುಂಡು ಶಾರ್ಟ್ ಆಗುತ್ತವೆ.

ಹೊಸ ಬ್ರಷ್ ಹಾಕಿದರೆ ನೇರ ರೇಸಿಗೆ ಇಳಿಸಬೇಡಿ. 2-3 ವೋಲ್ಟ್ ಕೊಟ್ಟು, ಲೋಡ್ ಇಲ್ಲದೆ ಕೆಲವು ನಿಮಿಷ ತಿರುಗಲು ಬಿಡಿ. ಚಪ್ಪಟೆ ಮುಖ ಸವೆದು ಕಮ್ಯುಟೇಟರಿನ ದುಂಡಿಗೆ ಹೊಂದಿಕೊಳ್ಳುತ್ತದೆ. ಬೇರಿಂಗಿಗೆ ಎಣ್ಣೆ ಒಂದೇ ಹನಿ. ಅದು ಕಮ್ಯುಟೇಟರಿಗೆ ತಾಗಬಾರದು.

ಈಗ ಟೈಮಿಂಗ್. ಟೈಮಿಂಗ್ ಬದಲಿಸಬಹುದಾದ ಮಾಡಿಫೈಡ್ ಮೋಟಾರಿನಲ್ಲಿ ಎಂಡ್‌ಬೆಲ್ (ಬ್ರಷ್‌ಗಳಿರುವ ಹಿಂಬದಿಯ ಮುಚ್ಚಳ) ಸ್ಕ್ರೂ ಸಡಿಲಿಸಿ, ಆ ಮುಚ್ಚಳವನ್ನು ಮೋಟಾರ್ ತಿರುಗುವ ದಿಕ್ಕಿಗೆ ಎದುರಾಗಿ ಸರಿಸಿದರೆ ಟೈಮಿಂಗ್ ಏರುತ್ತದೆ. ಆರ್‌ಪಿಎಂ ಹೆಚ್ಚುತ್ತದೆ, ಆದರೆ ಎಳೆಯುವ ಬಲ ಇಳಿಯುತ್ತದೆ. ಕರೆಂಟ್, ಕಿಡಿ, ಬಿಸಿ ಮೂರೂ ಏರುತ್ತವೆ. ನಾನು ಒಮ್ಮೆ ಒಂದೇ ಸಲಕ್ಕೆ ಜಾಸ್ತಿ ಏರಿಸಿದ್ದೆ. ಮೊದಲ ಎರಡು ಲ್ಯಾಪ್ ಕಾರ್ ಹಾರಿತು. ನಾಲ್ಕನೇ ನಿಮಿಷಕ್ಕೆ ಸೊರಗಿತು. ಮೋಟಾರ್ ಮುಟ್ಟಲಾಗದಷ್ಟು ಬಿಸಿ, ಬ್ರಷ್ ನೀಲಿ. ಅಷ್ಟು ಬಿಸಿಯಲ್ಲಿ ಮ್ಯಾಗ್ನೆಟ್ ಶಕ್ತಿಯೂ ಕುಗ್ಗುತ್ತದೆ.

ಟೈಮಿಂಗ್ ಗುರುತಿನಲ್ಲಿ ಒಂದು ಗೆರೆ ಏರಿಸಿದರೆ, ಒಂದು ಹಲ್ಲು ಕಡಿಮೆ ಇರುವ ಪಿನಿಯನ್ (ಮೋಟಾರ್ ಶಾಫ್ಟಿನ ಚಿಕ್ಕ ಹಲ್ಲುಚಕ್ರ) ಹಾಕಿ. ಎರಡು ನಿಮಿಷ ಓಡಿಸಿ, ಬ್ರಷ್ ತೆಗೆದು ಬಣ್ಣ ನೋಡಿ.