ಮುಕ್ತ ತಂತ್ರಾಂಶ: ನೋಡಿಕೊಳ್ಳುವವರು ದಣಿದಾಗ ಹೊಣೆ ಯಾರಿಗೆ?

ದಾವಣಗೆರೆಯಿಂದ ಯಾರಿಗಾದರೂ ಆಂಡ್ರಾಯ್ಡ್ ಮೊಬೈಲ್‌ನಲ್ಲಿ ‘ಚಿತ್ರದುರ್ಗ’ ಎಂದು ಬರೆದು ಕಳುಹಿಸಿ. ಮೊದಲ ರಕಾರ ತಕಾರದ ಕೆಳಗೆ ಒತ್ತಾಗಿ ಇಳಿಯುತ್ತದೆ, ಎರಡನೆಯದು ಅರ್ಕಾವತ್ತಾಗಿ ಗಕಾರದ ಬಲಕ್ಕೆ ಸರಿಯುತ್ತದೆ. ಈ ಜೋಡಣೆ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಲೈಬ್ರರಿಯ (ಬೇರೆ ತಂತ್ರಾಂಶಗಳು ಎರವಲು ಪಡೆಯುವ ಸಿದ್ಧ ಕೋಡ್) ಕೆಲಸ. ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಕೂಡ ಇದನ್ನೇ ಬಳಸುತ್ತವೆ. ಇಂಥ ಸಾವಿರಾರು ಲೈಬ್ರರಿಗಳನ್ನು ಯಾರು ನೋಡಿಕೊಳ್ಳಬೇಕು, ಅವರು ಕೈಬಿಟ್ಟರೆ ಮುಂದೇನು ಎಂಬುದು ಈಗ ಕಗ್ಗಂಟಾಗಿದೆ.

1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಮುಕ್ತ ತಂತ್ರಾಂಶಕ್ಕಾಗಿ ಗ್ನೂ ಯೋಜನೆ ಘೋಷಿಸಿದರು, 1991ರಲ್ಲಿ ಲಿನಕ್ಸ್ ಬಂತು, 1998ರಲ್ಲಿ ‘ಓಪನ್ ಸೋರ್ಸ್’ ಎಂಬ ಹೆಸರು ಚಾಲ್ತಿಗೆ ಬಂತು. ಕೋಡ್ ಯಾರು ಬೇಕಾದರೂ ಬಳಸಬಹುದೆಂದು ಪರವಾನಗಿಯಲ್ಲಿತ್ತೇ ಹೊರತು ಅದನ್ನು ದುರಸ್ತಿಯಲ್ಲಿಡುವವರ ಕೂಲಿಯ ಮಾತಿರಲಿಲ್ಲ. 2014ರಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ಅಂತರಜಾಲದ ಬಹುಪಾಲು ಭದ್ರತೆ ಹೊತ್ತಿದ್ದ, ಆ ದೋಷ ಸಿಕ್ಕ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂಬುದು ತಿಳಿಯಿತು.

ಆದರೂ ದೊಡ್ಡ ಪಾಠ ಕಲಿಸಿದ್ದು ಎಕ್ಸ್‌ಜೆಡ್. ಕಡತಗಳನ್ನು ಕುಗ್ಗಿಸುವ ಈ ಲೈಬ್ರರಿಯನ್ನು ಫಿನ್ಲೆಂಡಿನ ಒಬ್ಬರೇ ಬಿಡುವಿನ ವೇಳೆಯಲ್ಲಿ ನಡೆಸುತ್ತಿದ್ದರು. 2021ರಲ್ಲಿ ಹೊಸಬರೊಬ್ಬರು ಸಣ್ಣಪುಟ್ಟ ತಿದ್ದುಪಡಿ ಕಳುಹಿಸತೊಡಗಿದರು. ಮರುವರ್ಷ ಬೇರೆ ಹೆಸರುಗಳಿಂದ ದೂರುಗಳು ಬಂದವು: ಕೆಲಸ ನಿಧಾನ, ಬೇರೆಯವರಿಗೆ ವಹಿಸಿ. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸ ಎಂದು ಆ ಫಿನ್ಲೆಂಡಿನವರು ಬರೆದುಕೊಂಡರು. ಆ ಮಾತಿಗೆ ನೆರವಿನ ಕೈ ಚಾಚಬೇಕಿದ್ದದ್ದು ಆ ಲೈಬ್ರರಿಯನ್ನು ಬಳಸಿ ಬೆಳೆದವರು. ಹತ್ತಿರವಿದ್ದದ್ದು ಆ ಹೊಸಬರು ಮಾತ್ರ. ಕ್ರಮೇಣ ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರವೂ ಆ ಹೊಸಬರಿಗೆ ಹೋಯಿತು. 2024ರ ಆರಂಭದಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಪರೀಕ್ಷಾ ಕಡತಗಳೊಳಗೆ, ಸರ್ವರ್‌ಗಳಿಗೆ ನುಗ್ಗಲು ಕಳ್ಳದಾರಿ ಅಡಗಿತ್ತು. ಎಸ್‌ಎಸ್‌ಎಚ್ (ದೂರದ ಸರ್ವರ್ ಪ್ರವೇಶಿಸುವ ವಿಧಾನ) ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಬೆನ್ನುಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಮಾರ್ಚ್ ಕೊನೆಯಲ್ಲಿ ಅದನ್ನು ಪತ್ತೆಹಚ್ಚಿದರು. ಹೆಚ್ಚಿನ ಸರ್ವರ್‌ಗಳಿಗೆ ಆ ಆವೃತ್ತಿ ಇನ್ನೂ ತಲುಪಿರಲಿಲ್ಲ.

ಹಾಗೆಂದು ಹೊಸಬರನ್ನೆಲ್ಲ ಅನುಮಾನಿಸಿದರೆ ಲೈಬ್ರರಿಗಳು ಉಳಿಯುವುದಿಲ್ಲ. ಯುಬಿಡಿಟಿ, ಬಿಐಇಟಿಯಂಥ ನಮ್ಮೂರು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದವರು ಹೊಸ ಆ್ಯಪ್ ಕಟ್ಟುವ ಬದಲು, ತಾವು ಬಳಸುವ ಲೈಬ್ರರಿಯ ಒಂದು ದೋಷ ಸರಿಪಡಿಸಿದರೂ ಅದಕ್ಕೆ ಪ್ರಾಜೆಕ್ಟ್ ಅಂಕ ಸಿಗಬೇಕು. ಬಂದವರನ್ನು ಒಬ್ಬರೇ ಅಳೆಯುವ ಪರಿಸ್ಥಿತಿ ಮಾತ್ರ ಇರಬಾರದು.

ಪೈಥಾನ್ ಎಂಬ ಮುಕ್ತ ಪ್ರೋಗ್ರಾಮಿಂಗ್ ಭಾಷೆ ಇದಕ್ಕೊಂದು ದಾರಿ ತೋರಿಸಿದೆ. 2018ರ ಜುಲೈನಲ್ಲಿ ಅದನ್ನು ರೂಪಿಸಿದ ಗಿಡೋ ವಾನ್ ರಾಸಮ್ ಕೊನೆಯ ಮಾತಿನ ಅಧಿಕಾರ ಬಿಟ್ಟಾಗ, ಮುಖ್ಯ ಡೆವಲಪರ್‌ಗಳು ತಿಂಗಳುಗಟ್ಟಲೆ ಚರ್ಚಿಸಿ ಐವರ ಮಂಡಳಿಯನ್ನು ಮತ ಹಾಕಿ ಆರಿಸಿದರು. ಒಂದೇ ಕಂಪನಿಯ ಇಬ್ಬರಿಗಿಂತ ಹೆಚ್ಚು ಮಂದಿ ಅದರಲ್ಲಿರುವಂತಿಲ್ಲ. ಸಣ್ಣ ಲೈಬ್ರರಿಗಳಿಗೆ ಇಷ್ಟು ದೊಡ್ಡ ಏರ್ಪಾಡು ಸಾಧ್ಯವಾಗದಿರಬಹುದು. ಬಿಡುಗಡೆಯ ಕೀಲಿ ಯಾರ ಬಳಿ ಇದೆ, ಅವರ ನಂತರ ಯಾರು, ಅದನ್ನು ಒಪ್ಪಬೇಕಾದ ಎರಡನೆಯವರು ಯಾರು ಎಂಬುದನ್ನು ಚೈತನ್ಯವಿರುವಾಗಲೇ ಬರೆದಿಡುವುದು ಯಾರಿಗೂ ಅಸಾಧ್ಯವಲ್ಲ.