ಮುಂಚೆ ಬಂದ ಸುಗ್ಗಿ: ವೈನ್ ದ್ರಾಕ್ಷಿಯೂ ಬದಲಾದ ಹವಾಮಾನವೂ

ಫ್ರಾನ್ಸಿನ ಬರ್ಗಂಡಿ ಸೀಮೆಯ ಬೋನ್ ಪಟ್ಟಣದಲ್ಲಿ ದ್ರಾಕ್ಷಿ ಕೊಯ್ಲು ಯಾವ ವರ್ಷ ಯಾವ ದಿನ ಆರಂಭವಾಯಿತು ಎಂಬುದಕ್ಕೆ 1354ರಷ್ಟು ಹಿಂದಿನಿಂದಲೂ ಲೆಕ್ಕ ಸಿಗುತ್ತದೆ. ಹವಾಮಾನವನ್ನು ಅಳೆಯಬೇಕೆಂದು ಯಾರೂ ಇದನ್ನು ಬರೆದಿಡಲಿಲ್ಲ. ಕೊಯ್ಲುಗಾರರಿಗೆ ಕೊಟ್ಟ ಕೂಲಿಯ ಪಟ್ಟಿ, ನಗರಸಭೆಯ ನಡಾವಳಿ, ಕೊಯ್ಲಿಗೆ ಒಪ್ಪಿಗೆ ಸಾರುವ ಆಜ್ಞೆ, ಮುಂದಿನ ಕಾಲದಲ್ಲಿ ಪತ್ರಿಕೆಯ ವರದಿ, ಹೀಗೆ ಚದುರಿ ಉಳಿದ ಕಾಗದಗಳಿಂದ ಸಂಶೋಧಕರು ದಿನಾಂಕಗಳನ್ನು ಹೆಕ್ಕಿ ಜೋಡಿಸಿ 2019ರಲ್ಲಿ ಪ್ರಕಟಿಸಿದರು. 1354ರಿಂದ 1987ರವರೆಗೆ ಕೊಯ್ಲು ಸರಾಸರಿಯಲ್ಲಿ ಸೆಪ್ಟೆಂಬರ್ 28ಕ್ಕೆ ಆರಂಭವಾಗುತ್ತಿತ್ತು. 1988ರಿಂದ 2018ರವರೆಗಿನ ಮೂರು ದಶಕಗಳಲ್ಲಿ ಅದು 13 ದಿನ ಮುಂಚೆ ಬಂತು. ಆರು ಶತಮಾನಗಳ ಏರಿಳಿತವನ್ನು ತಡೆದುಕೊಂಡು ನಿಂತಿದ್ದ ಸರಾಸರಿಯೊಂದು ಒಂದೇ ತಲೆಮಾರಿನ ಕಣ್ಣೆದುರು ಎರಡು ವಾರದಷ್ಟು ಸರಿಯಿತು.

ವೈನ್ ಮತ್ತು ಹವಾಮಾನದ ಕುರಿತು ಈಗ ಬರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗದಂತೆ ಕಾಣುತ್ತವೆ. ಒಂದು ವರ್ಷ ಬಿಸಿಲಿಗೆ ದ್ರಾಕ್ಷಿ ಸುಟ್ಟುಹೋಯಿತು ಎನ್ನುತ್ತಾರೆ, ಇನ್ನೊಂದು ವರ್ಷ ಚಳಿಗೆ ಚಿಗುರು ಸತ್ತಿತು ಎನ್ನುತ್ತಾರೆ. ಒಂದು ಅಧ್ಯಯನ ಹಳೆಯ ಸೀಮೆಗಳು ಅಳಿಯುತ್ತವೆ ಎಂದರೆ, ಮತ್ತೊಂದು ಸುದ್ದಿ ಇಂಗ್ಲೆಂಡಿನಲ್ಲಿ ಹೊಸ ತೋಟಗಳು ಏಳುತ್ತಿವೆ ಎನ್ನುತ್ತದೆ. ಇವೆಲ್ಲವೂ ನಿಜ. ಇವು ಹೇಗೆ ಒಟ್ಟಿಗೆ ನಿಜವಾಗುತ್ತವೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೊಯ್ಲಿನ ದಿನಾಂಕವು ಉಷ್ಣಮಾಪಕಕ್ಕಿಂತ ಹಳೆಯದಾದ ಒಂದು ಉಷ್ಣಮಾಪಕ. ವಸಂತ ಮತ್ತು ಬೇಸಿಗೆ ಎಷ್ಟು ಬೆಚ್ಚಗಿದ್ದವೋ ಅಷ್ಟು ಬೇಗ ಹಣ್ಣು ಪಕ್ವವಾಗುತ್ತದೆ. ಇತಿಹಾಸಕಾರ ಎಮ್ಯಾನುಯೆಲ್ ಲ ರಾಯ್ ಲಾಡ್ಯೂರಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಈ ದಿನಾಂಕಗಳನ್ನು ಹಿಡಿದು ಹಳೆಯ ಬೇಸಿಗೆಗಳನ್ನು ಓದಲು ಹೊರಟಿದ್ದರು. ಮುಂದೆ ವಿಜ್ಞಾನಿಗಳು ಆ ದಾರಿಯನ್ನು ಅಗಲ ಮಾಡಿದರು. ಅವರಲ್ಲಿ ಬೆಂಜಮಿನ್ ಕುಕ್ ಮತ್ತು ಎಲಿಜಬೆತ್ ವೋಲ್ಕೊವಿಚ್ 2016ರಲ್ಲಿ ಹೇಳಿದ ಮಾತು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಫ್ರಾನ್ಸಿನಲ್ಲಿ ಹಿಂದೆಲ್ಲ ಕೊಯ್ಲು ತೀರ ಬೇಗ ಬರಬೇಕಿದ್ದರೆ ಮಳೆ ಕೈಕೊಟ್ಟು ನೆಲ ಒಣಗಿರಬೇಕಿತ್ತು, ಏಕೆಂದರೆ ತೇವವಿರುವ ನೆಲವು ನೀರನ್ನು ಆವಿಯಾಗಿಸುತ್ತ ಗಾಳಿಯನ್ನು ತಂಪಾಗಿಡುತ್ತದೆ. 1980ರ ದಶಕದಿಂದ ಈಚೆಗೆ ಈ ನಂಟು ಸಡಿಲವಾಗಿದೆ. ಬರವಿಲ್ಲದ ವರ್ಷದಲ್ಲಿಯೂ ಕೊಯ್ಲು ಬೇಗ ಬರುವಷ್ಟು ಶಾಖ ಈಗ ಗಾಳಿಯಲ್ಲಿಯೇ ಇದೆ.

ಅದಕ್ಕೂ ಹಿಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ರೋಮನ್ನರು ಬಳ್ಳಿಯನ್ನು ಉತ್ತರಕ್ಕೆ ಒಯ್ದರು, ಮಠಗಳು ಅದನ್ನು ಉಳಿಸಿದವು, ಕೆಲವು ಶತಮಾನಗಳ ತಂಪುಗಾಲ ಅದರ ಗಡಿಯನ್ನು ಹಿಂದಕ್ಕೆ ತಳ್ಳಿತು, 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲೋಕ್ಸೆರಾ ಎಂಬ ಬೇರುಹೇನು ಯುರೋಪಿನ ತೋಟಗಳನ್ನು ನೆಲಸಮ ಮಾಡಿತು, ಅಮೆರಿಕದ ಬಳ್ಳಿಯ ಬೇರಿನ ಮೇಲೆ ಯುರೋಪಿನ ಬಳ್ಳಿಯನ್ನು ಕಸಿ ಮಾಡಿ ಜನ ಬದುಕಿಕೊಂಡರು. ಆ ವಿಪತ್ತಿನ ಬೆನ್ನಿಗೇ ನಕಲಿ ವೈನು ಮಾರುಕಟ್ಟೆಗೆ ಹರಿದುಬಂದದ್ದರಿಂದ, ಊರಿನ ಹೆಸರನ್ನು ಕಾಯುವ ಕಾನೂನು ಬೇಕಾಯಿತು. ಫ್ರಾನ್ಸ್ 1935ರಲ್ಲಿ ಅದಕ್ಕೊಂದು ಪೂರ್ಣರೂಪ ಕೊಟ್ಟಿತು. ಯಾವ ಹೆಸರಿನ ವೈನು ಯಾವ ನೆಲದಲ್ಲಿ, ಯಾವ ತಳಿಯಿಂದ, ಎಷ್ಟು ಇಳುವರಿಯ ಮಿತಿಯಲ್ಲಿ ಆಗಬೇಕು ಎಂದು ಅದು ಬರೆಯಿತು. ಕನಿಷ್ಠ ಮದ್ಯಸಾರ ಎಷ್ಟಿರಬೇಕು ಎಂದೂ ಬರೆಯಿತು. ಈ ಕೊನೆಯ ನಿಯಮವನ್ನು ಗಮನಿಸಬೇಕು. ಅಂದಿನವರ ಭಯವೆಲ್ಲ ಹಣ್ಣು ಮಾಗದೆ ಹೋದರೆ ಎಂಬುದರ ಕಡೆಗೇ ಇತ್ತು. ಸಕ್ಕರೆ ಸಾಲದ ದ್ರಾಕ್ಷಿರಸಕ್ಕೆ ಹುದುಗುವ ಮೊದಲು ಸಕ್ಕರೆ ಬೆರೆಸುವ ಪದ್ಧತಿಗೆ ನೆಪೋಲಿಯನ್ನನ ಕಾಲದ ರಸಾಯನಶಾಸ್ತ್ರಜ್ಞ ಶಪ್ತಾಲನ ಹೆಸರೇ ಅಂಟಿಕೊಂಡಿತ್ತು; ಬರ್ಗಂಡಿಯಂಥ ತಂಪು ಸೀಮೆಗಳಲ್ಲಿ ಅದು ವಾಡಿಕೆಯ ಕೆಲಸವಾಗಿತ್ತು. ಹಣ್ಣು ಅತಿಯಾಗಿ ಮಾಗುವ ಕಾಲ ಬರಬಹುದೆಂದು ಊಹಿಸಲು ಆ ತಲೆಮಾರಿಗೆ ಕಾರಣವೇ ಇರಲಿಲ್ಲ.

ಹೀಗಿರುವಾಗ 1980ರ ದಶಕದ ಕೊನೆಯಲ್ಲಿ ಬಿಸಿಯೇರಿಕೆ ಬಂತು, ಮತ್ತು ಅದು ಒಳ್ಳೆಯ ಸುದ್ದಿಯಾಗಿಯೇ ಬಂತು. ಈ ವಿಷಯದ ಗೋಜಲನ್ನು ಬಿಡಿಸಬೇಕಾದರೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಬೋರ್ಡೋ, ಬರ್ಗಂಡಿ, ಷಾಂಪೇನ್, ಜರ್ಮನಿಯ ಮೋಸೆಲ್ ಕಣಿವೆ, ಇವೆಲ್ಲ ದ್ರಾಕ್ಷಿ ಮಾಗುವ ಸಾಮರ್ಥ್ಯದ ಅಂಚಿನಲ್ಲಿದ್ದ ಸೀಮೆಗಳು. ಅಲ್ಲಿ ಹಸಿರು ವಾಸನೆಯ, ಹುಳಿ ಮುಂದಾದ, ತೆಳುವಾದ ವೈನು ಕೊಡುವ ವರ್ಷಗಳು ಸಾಮಾನ್ಯವಾಗಿದ್ದವು. ಚೆನ್ನಾಗಿ ಮಾಗಿದ ವರ್ಷಗಳು ವಿರಳವಾಗಿದ್ದುದರಿಂದಲೇ ಆ ವರ್ಷಗಳ ಹೆಸರು ಬಾಯಿಂದ ಬಾಯಿಗೆ ಉಳಿಯುತ್ತಿತ್ತು. 1989 ಮತ್ತು 1990, ಎರಡೂ ಒಂದರ ಹಿಂದೊಂದು ಬೆಚ್ಚಗಿನ, ಹೊಗಳಿಸಿಕೊಂಡ ವರ್ಷಗಳಾಗಿ ಬಂದವು. ಮೋಸೆಲ್‌ನ ಕಡಿದಾದ ದಕ್ಷಿಣಮುಖದ ಇಳಿಜಾರುಗಳಲ್ಲಿ ಮಾತ್ರ ಮಾಗುತ್ತಿದ್ದ ರೀಸ್ಲಿಂಗ್ ತಳಿ ಕ್ರಮೇಣ ಪ್ರತಿ ವರ್ಷವೂ ಮಾಗತೊಡಗಿತು. ಸಕ್ಕರೆ ಬೆರೆಸುವ ಅಗತ್ಯ ಕಡಿಮೆಯಾಯಿತು. ತೋಟದವರು ಅದೇ ಕಾಲದಲ್ಲಿ ಇಳುವರಿ ತಗ್ಗಿಸುವುದನ್ನೂ, ಎಲೆ ಕಿತ್ತು ಗೊಂಚಲಿಗೆ ಬಿಸಿಲು ಬೀಳಿಸುವುದನ್ನೂ, ಹಣ್ಣು ಪೂರ್ತಿ ಮಾಗುವವರೆಗೆ ಕಾಯುವುದನ್ನೂ ರೂಢಿಸಿಕೊಂಡರು. ಮಾರುಕಟ್ಟೆಯೂ ಗಾಢವಾದ, ಮೈತುಂಬಿದ ವೈನನ್ನು ಮೆಚ್ಚಿತು. ಆದ್ದರಿಂದ ಗುಣಮಟ್ಟ ಏರಿದ್ದು ತಮ್ಮ ಕೈಕೆಲಸದಿಂದ ಎಷ್ಟು, ಆಕಾಶದಿಂದ ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಯಾರಿಗೂ ಸುಲಭವಿರಲಿಲ್ಲ. ಹದಿನೈದು ವರ್ಷಗಳ ಕಾಲ ಹವಾಮಾನವೂ ಪರಿಶ್ರಮವೂ ಒಂದೇ ದಿಕ್ಕಿಗೆ ಎಳೆದವು. ಎಚ್ಚರಿಕೆ ಹೊಗಳಿಕೆಯ ರೂಪದಲ್ಲಿ ಬಂದಾಗ ಅದನ್ನು ಎಚ್ಚರಿಕೆಯೆಂದು ಓದುವುದು ಕಷ್ಟ.

ಆದರೆ ಹಣ್ಣಿನ ಒಳಗೆ ಆಗುತ್ತಿದ್ದ ಬದಲಾವಣೆ ಬೇರೆ. ದ್ರಾಕ್ಷಿ ಮಾಗುವುದು ಒಂದೇ ಕ್ರಿಯೆಯಲ್ಲ. ಕಾಯಿ ಬಣ್ಣ ತಿರುಗಿದ ಮೇಲೆ ಸಕ್ಕರೆ ಏರುತ್ತದೆ, ಆಮ್ಲ ಇಳಿಯುತ್ತದೆ, ಸಿಪ್ಪೆಯಲ್ಲಿ ಬಣ್ಣವೂ ಬೀಜದಲ್ಲಿ ಒಗರೂ ಹದಗೊಳ್ಳುತ್ತವೆ, ಸುವಾಸನೆಯ ಘಟಕಗಳು ಕೂಡುತ್ತವೆ. ತಂಪಾದ ಸೆಪ್ಟೆಂಬರಿನಲ್ಲಿ ಇವೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಮುಗಿಯುತ್ತವೆ. ಬಿಸಿ ಹೆಚ್ಚಿದರೆ ಒಂದೊಂದೂ ತನ್ನ ದಾರಿ ಹಿಡಿಯುತ್ತದೆ. ಸಕ್ಕರೆ ಓಡುತ್ತದೆ, ಹುಳಿ ಕೊಡುವ ಮ್ಯಾಲಿಕ್ ಆಮ್ಲ ಬೇಗ ಉರಿದುಹೋಗುತ್ತದೆ, ಉಷ್ಣಾಂಶ ಸುಮಾರು 35 ಡಿಗ್ರಿ ದಾಟಿದರೆ ಕೆಂಪು ಬಣ್ಣ ಕೊಡುವ ಆಂಥೋಸಯಾನಿನ್ ಕಟ್ಟುವುದು ಕುಂಠಿತವಾಗುತ್ತದೆ. ಕೊಯ್ಲು ಮುಂಚೆ ಬಂದಿದೆ ಎಂದರೆ ಹಣ್ಣು ಮಾಗುವ ನಿರ್ಣಾಯಕ ವಾರಗಳು ತಂಪು ಸೆಪ್ಟೆಂಬರಿನಿಂದ ಉರಿ ಆಗಸ್ಟಿಗೆ ಜಾರಿವೆ ಎಂದು ಅರ್ಥ. ಬಿಸಿಯ ಪೆಟ್ಟು ಹೀಗೆ ಇಮ್ಮಡಿಯಾಗುತ್ತದೆ. ಬೆಳೆಗಾರನ ಮುಂದೆ ಆಗ ಎರಡೇ ದಾರಿ. ಹುಳಿ ಇರುವಾಗಲೇ ಕೊಯ್ದರೆ ಒಗರು ಹಸಿಯಾಗಿ ಉಳಿಯುತ್ತದೆ, ಕಾದರೆ ಸಕ್ಕರೆ ಏರಿ ಯೀಸ್ಟು ಅದನ್ನೆಲ್ಲ ಮದ್ಯಸಾರವಾಗಿಸುತ್ತದೆ. ದಕ್ಷಿಣ ಫ್ರಾನ್ಸಿನ ಲಾಂಗ್ವೆಡಾಕ್‌ನಲ್ಲಿ 1980ರ ದಶಕದಲ್ಲಿ ಶೇ 11ರ ಆಸುಪಾಸಿನಲ್ಲಿದ್ದ ಮದ್ಯಸಾರ ಮೂರು ದಶಕಗಳಲ್ಲಿ ಶೇ 14ರ ಹತ್ತಿರಕ್ಕೆ ಏರಿತು. ಸಕ್ಕರೆ ಬೆರೆಸುವ ಕಾಲ ಕಳೆದು, ಮದ್ಯಸಾರ ಇಳಿಸುವ ಯಂತ್ರಗಳ ಕಾಲ ಬಂತು.

2003ರ ಬೇಸಿಗೆ ಈ ಒಳಗಿನ ಬದಲಾವಣೆಯನ್ನು ಎಲ್ಲರ ಕಣ್ಣಿಗೆ ತಂದಿತು. ಯುರೋಪನ್ನು ಸುಟ್ಟ ಆ ಬಿಸಿಗಾಳಿಯ ವರ್ಷದಲ್ಲಿ ಬರ್ಗಂಡಿಯಲ್ಲಿಯೂ ಷಾಂಪೇನಿನಲ್ಲಿಯೂ ಕೊಯ್ಲು ಆಗಸ್ಟಿನಲ್ಲಿಯೇ ಆರಂಭವಾಯಿತು. ಅಂದಿನಿಂದ 2018ರವರೆಗಿನ 16 ವರ್ಷಗಳಲ್ಲಿ 8, ಬೋನ್‌ನ ದಾಖಲೆಯ ಅಳತೆಯಲ್ಲಿ ಅಸಾಧಾರಣವಾಗಿ ಬಿಸಿಯಾಗಿದ್ದವು. 2019ರ ಜೂನ್ 28ರಂದು ದಕ್ಷಿಣ ಫ್ರಾನ್ಸಿನ ವೆರಾರ್ಗ್‌ನಲ್ಲಿ ಉಷ್ಣಾಂಶ 46 ಡಿಗ್ರಿ ಮುಟ್ಟಿದಾಗ, ಸುತ್ತಲ ತೋಟಗಳ ಎಲೆ ಮತ್ತು ಎಳೆಕಾಯಿ ಬೆಂಕಿ ತಾಗಿದಂತೆ ಒಂದೇ ದಿನದಲ್ಲಿ ಕಂದಿದವು. ಅದೇ 2019ರ ಫಸಲಿನಿಂದ ಜರ್ಮನಿಯ ಯಾವ ಸೀಮೆಯಲ್ಲಿಯೂ ಐಸ್‌ವೈನ್ ಆಗಲಿಲ್ಲ. ಬಳ್ಳಿಯಲ್ಲಿಯೇ ಹೆಪ್ಪುಗಟ್ಟಿದ ಹಣ್ಣಿನಿಂದ ಹಿಂಡುವ ಆ ಸಿಹಿ ವೈನಿಗೆ ಉಷ್ಣಾಂಶ ಸೊನ್ನೆಗಿಂತ ಕೆಳಗೆ 7 ಡಿಗ್ರಿಗೆ ಇಳಿಯಬೇಕು. ಆ ಚಳಿಗಾಲದಲ್ಲಿ ಅಷ್ಟು ಚಳಿ ಎಲ್ಲಿಯೂ ಬರಲಿಲ್ಲ.

ಹಾಗಿದ್ದರೆ ಚಳಿಯಿಂದಾಗುವ ನಷ್ಟ ಏಕೆ ಹೆಚ್ಚಿತು? ಚಳಿ ಹೆಚ್ಚಾಗಿಲ್ಲ, ಬಳ್ಳಿ ಬೇಗ ಎಚ್ಚರಗೊಳ್ಳುತ್ತಿದೆ. ದಿನದ ಸರಾಸರಿ ಉಷ್ಣಾಂಶ ಸುಮಾರು 10 ಡಿಗ್ರಿ ದಾಟಿದ ಮೇಲೆ ಬಳ್ಳಿ ಮೊಗ್ಗೊಡೆಯುತ್ತದೆ. ಮುಚ್ಚಿದ ಮೊಗ್ಗು ಕಡುಚಳಿಯನ್ನು ತಾಳುತ್ತದೆ, ಒಡೆದ ಚಿಗುರು ತಾಳದು. 2021ರಲ್ಲಿ ಮಾರ್ಚ್ ಕೊನೆಯ ದಿನಗಳು ಬೆಚ್ಚಗಿದ್ದು ಫ್ರಾನ್ಸಿನ ತೋಟಗಳು ಚಿಗುರಿದವು. ಏಪ್ರಿಲ್ ಮೊದಲ ಭಾಗದಲ್ಲಿ ಹೆಪ್ಪುಗಟ್ಟುವ ರಾತ್ರಿಗಳು ಬಂದು ಆ ಚಿಗುರನ್ನು ಕೊಂದವು. ಸಾಲುಸಾಲಾಗಿ ಹಣತೆಗಳಂತೆ ಉರಿಯುವ ಮೇಣದ ಡಬ್ಬಿಗಳನ್ನು ಇಟ್ಟು ಜನ ರಾತ್ರಿಯಿಡೀ ಕಾದರೂ ನಷ್ಟ ದೇಶವ್ಯಾಪಿಯಾಯಿತು. ಏಪ್ರಿಲ್‌ನ ಚಳಿಯ ತೀವ್ರತೆಯನ್ನು ಬಿಸಿಯೇರಿಕೆ ತಗ್ಗಿಸಿದ್ದರೂ, ಚಿಗುರಿದ ಮೇಲೆ ಇಂಥ ಚಳಿ ಬೀಳುವ ಸಾಧ್ಯತೆಯನ್ನು ಅದು ಸುಮಾರು ಶೇ 60ರಷ್ಟು ಹೆಚ್ಚಿಸಿದೆ ಎಂದು ಆ ಬಳಿಕ ನಡೆದ ವಿಶ್ಲೇಷಣೆ ಹೇಳಿತು. ಆಸ್ಟ್ರೇಲಿಯಾ ಮತ್ತು ಕ್ಯಾಲಿಫೋರ್ನಿಯಾಗಳ ಸಂಕಟ ಇನ್ನೊಂದು ಬಗೆಯದು: ಅಲ್ಲಿ ಕಾಡ್ಗಿಚ್ಚಿನ ಹೊಗೆಯಲ್ಲಿರುವ ಗ್ವಾಯಕಾಲ್‌ನಂಥ ಘಟಕಗಳನ್ನು ಹಣ್ಣು ಹೀರಿಕೊಂಡು ಸಕ್ಕರೆಯೊಂದಿಗೆ ಬಂಧಿಸಿಟ್ಟುಕೊಳ್ಳುತ್ತದೆ, ತಿಂದರೆ ತಿಳಿಯದ ಸುಟ್ಟ ರುಚಿ ಹುದುಗಿದ ಮೇಲೆ ವೈನಿನಲ್ಲಿ ಹೊರಬೀಳುತ್ತದೆ. 2020ರಲ್ಲಿ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಅನೇಕ ತೋಟಗಳು ಇದೇ ಕಾರಣಕ್ಕೆ ಆ ವರ್ಷದ ಕೆಂಪು ವೈನನ್ನೇ ಕೈಬಿಟ್ಟವು.

ಮುಂದೇನು ಎಂಬ ಲೆಕ್ಕಾಚಾರದಲ್ಲಿಯೇ ಗೊಂದಲ ಹೆಚ್ಚು. 2013ರಲ್ಲಿ ಒಂದು ಅಧ್ಯಯನವು ಭೂಮಿಯನ್ನು ಬಿಸಿ ಮಾಡುವ ಅನಿಲಗಳ ಹೊರಸೂಸುವಿಕೆ ತಗ್ಗದಿದ್ದರೆ 2050ರ ವೇಳೆಗೆ ಪ್ರಮುಖ ವೈನ್ ಸೀಮೆಗಳ ಯೋಗ್ಯ ನೆಲ ಶೇ 25ರಿಂದ 73ರಷ್ಟು ಕುಗ್ಗಬಹುದು ಎಂದಿತು. ಬೋರ್ಡೋದ ಬಳ್ಳಿತಜ್ಞ ಕಾರ್ನೆಲಿಸ್ ವಾನ್ ಲೇವನ್ ಮತ್ತು ಸಂಗಡಿಗರು ಅದನ್ನು ಒಪ್ಪಲಿಲ್ಲ. ತಳಿಗಳಿಗೆ ಹಾಕಿದ ಉಷ್ಣಾಂಶದ ಮೇಲ್ಮಿತಿಯೇ ತಪ್ಪು, ಆ ಮಿತಿ ದಾಟಿದ ಸೀಮೆಗಳು ಈಗಲೂ ಉತ್ತಮ ವೈನು ಕೊಡುತ್ತಿವೆ ಎಂದು ತೋರಿಸಿದರು. ಅದೇ ವಾನ್ ಲೇವನ್ 2024ರಲ್ಲಿ ಮುಂದಾಳಾಗಿ ಬರೆದ ಸಮೀಕ್ಷೆಯು, ಬಿಸಿಯೇರಿಕೆ 2 ಡಿಗ್ರಿಯನ್ನು ದಾಟಿದರೆ ಸ್ಪೇನ್, ಇಟಲಿ, ಗ್ರೀಸ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾದ ಕರಾವಳಿ ಹಾಗೂ ತಗ್ಗುನೆಲದ ಸೀಮೆಗಳಲ್ಲಿ ಸುಮಾರು ಶೇ 90ರಷ್ಟು ಶತಮಾನದ ಅಂತ್ಯಕ್ಕೆ ಅಳಿವಿನ ಅಪಾಯಕ್ಕೆ ಸಿಲುಕಬಹುದು ಎಂದಿತು. ಇದನ್ನು ಮಾತು ಬದಲಿಸಿದ್ದೆಂದು ತಿಳಿಯಬಾರದು. ಮೊದಲನೆಯದು 2050ರ ಮಾತು, ಎರಡನೆಯದು 2100ರ ಮಾತು. ಮೊದಲನೆಯದರಲ್ಲಿ ಪ್ರಶ್ನೆ ಶಾಖದ್ದು, ಎರಡನೆಯದರಲ್ಲಿ ಬರದ್ದು ಕೂಡ.

ಇವೆರಡರ ನಡುವೆ 2020ರಲ್ಲಿ ಬಂದ ಇನ್ನೊಂದು ಅಧ್ಯಯನಕ್ಕೆ ಸಿಕ್ಕ ಗಮನ ಸಾಲದು ಎಂದು ನನ್ನ ಎಣಿಕೆ. ಜಗತ್ತು 2 ಡಿಗ್ರಿ ಬಿಸಿಯಾದರೆ ಈಗಿನ ತಳಿಗಳನ್ನೇ ಹಿಡಿದು ಕೂತಾಗ ಯೋಗ್ಯ ನೆಲದ ಶೇ 56 ಹೋಗುತ್ತದೆ, ಶಾಖ ತಾಳುವ ತಳಿಗಳಿಗೆ ಬದಲಾಯಿಸಿದರೆ ನಷ್ಟ ಶೇ 24ಕ್ಕೆ ಇಳಿಯುತ್ತದೆ ಎಂದು ಅದು ಹೇಳಿತು. 4 ಡಿಗ್ರಿಯಾದರೆ ಮಾತ್ರ ಬದಲಾಯಿಸಿದ ಮೇಲೂ ಅರ್ಧಕ್ಕಿಂತ ಹೆಚ್ಚು ನೆಲ ಕೈಬಿಡುತ್ತದೆ. ಜಗತ್ತಿನಲ್ಲಿ ಸಾವಿರಕ್ಕೂ ಹೆಚ್ಚು ವೈನ್ ತಳಿಗಳಿವೆ. ಬೆಳೆಯುವುದು ಬಹುಮಟ್ಟಿಗೆ ಬೆರಳೆಣಿಕೆಯವನ್ನು. ಅಷ್ಟೇ ಅಲ್ಲ, ಬಳ್ಳಿಯನ್ನು ಬೀಜದಿಂದ ಬೆಳೆಸದೆ ಕಡ್ಡಿಯಿಂದ ಬೆಳೆಸುವುದರಿಂದ ಬರ್ಗಂಡಿಯ ಕೆಂಪು ತಳಿಯಾದ ಇಂದಿನ ಪಿನೋ ನುವಾರ್ ಬಹುಪಾಲು ಶತಮಾನಗಳ ಹಿಂದಿನದೇ ಗಿಡ. ಹವಾಮಾನ ನಡೆದುಕೊಂಡು ಹೋಯಿತು, ತಳಿ ಕೂತಲ್ಲೇ ಕೂತಿದೆ.

ಬಳ್ಳಿ ತಂಪನ್ನು ಅರಸಿ ಹೊರಟಿರುವುದೂ ಉಂಟು. ಇಂಗ್ಲೆಂಡಿನ ದಕ್ಷಿಣದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಷಾಂಪೇನಿನದೇ ತಳಿಗಳು ಮಾಗುತ್ತಿವೆ. ಷಾಂಪೇನಿನ ತೆತಾಂಜೆ ಸಂಸ್ಥೆ 2015ರಲ್ಲಿ ಕೆಂಟ್‌ನಲ್ಲಿ ನೆಲ ಕೊಂಡಿತು. ಸ್ಪೇನಿನ ಕಟಲೋನಿಯಾದಲ್ಲಿ ವೈನು ಮಾಡುವ ತೋರೆಸ್ ಕುಟುಂಬ ಪಿರೆನೀಸ್ ತಪ್ಪಲಿಗೆ ಹತ್ತಿದೆ, ಆರ್ಜೆಂಟೀನಾದ ಮೆಂಡೋಸಾದಲ್ಲಿ ತೋಟಗಳು 1,500 ಮೀಟರ್ ಎತ್ತರವನ್ನು ದಾಟಿವೆ. ಆದರೆ ಗುಡ್ಡದ ಮೇಲೆ ನೆಲ ಕಡಿಮೆ, ನೀರು ಕಡಿಮೆ, ಕಾಡು ಹತ್ತಿರ. ಹೋಗಲು ಹಣವಿದ್ದವರು ಹೋಗುತ್ತಾರೆ; ತಗ್ಗಿನಲ್ಲಿ ನಾಲ್ಕು ಹೆಕ್ಟೇರ್ ಇಟ್ಟುಕೊಂಡವರು ಹೋಗಲಾರರು.

ಇದ್ದಲ್ಲಿಯೇ ಉಳಿಯುವವರು ಮಾಡಬಹುದಾದದ್ದು ಸಾಕಷ್ಟಿದೆ. ಚಳಿಗಾಲದ ಸವರುವಿಕೆಯನ್ನು ತಡಮಾಡಿ ಚಿಗುರನ್ನು ಹಿಂದೂಡಬಹುದು, ಎಲೆ ಕೀಳದೆ ಗೊಂಚಲಿಗೆ ನೆರಳು ಬಿಡಬಹುದು, ಬರ ತಾಳುವ ಬೇರುಗಿಡ ಆರಿಸಬಹುದು, ರಾತ್ರಿ ಕೊಯ್ಯಬಹುದು. ಗ್ರೀಸಿನ ಸ್ಯಾಂಟೊರಿನಿಯಲ್ಲಿ ಬಳ್ಳಿಯನ್ನು ನೆಲಕ್ಕೆ ಅಂಟಿದ ಬುಟ್ಟಿಯಂತೆ ಹೆಣೆದು, ಬುಟ್ಟಿಯೊಳಗೆ ಹಣ್ಣನ್ನು ಬಿಸಿಲು ಗಾಳಿಗಳಿಂದ ಮರೆಮಾಡುವ ಪದ್ಧತಿ ಬಹಳ ಹಳೆಯದು. ಬಿಗಿಯಾಗಿ ಉಳಿದದ್ದು ನಿಯಮ. ಹೆಸರನ್ನು ಕಾಯಲೆಂದು ಹುಟ್ಟಿದ ಕಾನೂನು ಹವಾಮಾನವನ್ನು ಸ್ಥಿರವೆಂದು ಎಣಿಸಿ ತಳಿಯನ್ನು ಊರಿಗೆ ಕಟ್ಟಿತ್ತು, ಆ ಕಟ್ಟು ಬೆಳೆಗಾರನ ಅನ್ನವೂ ಆದ್ದರಿಂದ ಅದನ್ನು ಸಡಿಲಿಸಲು ಎಲ್ಲರೂ ಹಿಂಜರಿದರು. ಫ್ರಾನ್ಸಿನಲ್ಲಿ ಹೆಸರಾಂತ ಸೀಮೆಗಳ ತೋಟಕ್ಕೆ ನೀರು ಹಾಯಿಸುವ ನಿರ್ಬಂಧ ಸ್ವಲ್ಪ ಸಡಿಲಾದದ್ದು 2006ರಲ್ಲಿ. ರೋಗ ತಾಳುವ ಮಿಶ್ರತಳಿಗಳನ್ನು ಸೀಮೆಯ ಹೆಸರಿನ ವೈನಿನಲ್ಲಿ ಬಳಸಲು ಯುರೋಪಿಯನ್ ಒಕ್ಕೂಟ ಒಪ್ಪಿದ್ದು 2021ರ ಡಿಸೆಂಬರಿನಲ್ಲಿ.

ಅದೇ ವರ್ಷ ಬೋರ್ಡೋ ಆರು ಹೊಸ ತಳಿಗಳಿಗೆ ಅಧಿಕೃತ ಅನುಮತಿ ಪಡೆಯಿತು: ಕೆಂಪಿಗೆ ಆರಿನಾರ್ನೋವಾ, ಕಾಸ್ತೆ, ಮಾರ್ಸೆಲಾನ್, ಪೋರ್ಚುಗಲ್‌ನ ತೂರಿಗ ನಾಸಿಯೊನಾಲ್; ಬಿಳಿಗೆ ಆಲ್ವರಿನ್ಯೊ, ಲಿಲಿಯೊರಿಲಾ. ಬೇಗ ಮಾಗುವ ಮೆರ್ಲೊ ತಳಿಯೇ ಅಲ್ಲಿನ ಕೆಂಪು ತೋಟಗಳ ಬಹುಪಾಲನ್ನು ಆವರಿಸಿರುವಾಗ ಇದು ದೊಡ್ಡ ಹೆಜ್ಜೆ. ಮಿತಿಯೂ ಅದರ ಜೊತೆಗೇ ಬಂತು. ಒಂದು ತೋಟದ ನೆಲದಲ್ಲಿ ಶೇ 5ಕ್ಕಿಂತ ಹೆಚ್ಚು, ಬೆರೆಸುವ ವೈನಿನಲ್ಲಿ ಶೇ 10ಕ್ಕಿಂತ ಹೆಚ್ಚು ಇವು ಇರುವಂತಿಲ್ಲ. ನೆಟ್ಟ ಬಳ್ಳಿ ಫಲಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು, ಆ ಮೇಲೆ ಮೂವತ್ತು ನಲವತ್ತು ವರ್ಷ ಅದು ಅಲ್ಲಿಯೇ ನಿಲ್ಲುತ್ತದೆ. ಆ ಶೇ 5ರ ಸಾಲುಗಳೂ, ಅವುಗಳ ಪಕ್ಕದಲ್ಲಿ ಅದೇ ವರ್ಷ ನೆಟ್ಟ ಶೇ 95ರ ಸಾಲುಗಳೂ 2050ರ ಬೇಸಿಗೆಯನ್ನು ಒಟ್ಟಿಗೇ ನೋಡಲಿವೆ.