ವರದಿ ಹಿಂದಿರುಗಿ ಬಂದರೆ ತಪ್ಪು ಇಂಗ್ಲಿಷಿನದೇ?

ಓದುಗರ ಪ್ರಶ್ನೆ: ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ, ಈಗ ಪುಣೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೇನೆ. ಪ್ರಯೋಗಗಳನ್ನು ಸರಿಯಾಗಿಯೇ ಮಾಡುತ್ತೇನೆ. ಆದರೆ ವರದಿ ಮಾತ್ರ ‘ಸ್ಪಷ್ಟವಾಗಿಲ್ಲ’ ಎಂಬ ಷರಾ ಹೊತ್ತು ಹಿಂದಿರುಗುತ್ತದೆ. ನನ್ನ ಇಂಗ್ಲಿಷನ್ನು ಸುಧಾರಿಸಿಕೊಳ್ಳುವುದು ಹೇಗೆ?

ಉತ್ತರ: ಕನ್ನಡ ಶಾಲೆಯಿಂದ ಬಂದು ಮುಂಬಯಿ, ಪುಣೆಗಳ ಕಾಲೇಜು ಸೇರಿದ ಅನೇಕರು ಹೀಗೆಯೇ ಕೇಳುತ್ತಾರೆ; ದೋಷ ತಮ್ಮ ಇಂಗ್ಲಿಷಿನದೆಂದು ಕೇಳುವ ಮೊದಲೇ ಒಪ್ಪಿಕೊಂಡಿರುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಓದುವವರು ಈ ವರದಿಯಿಂದ ಏನನ್ನು ತಿಳಿದು ಏನನ್ನು ನಿರ್ಧರಿಸಬೇಕು ಎಂಬುದನ್ನು ಬರೆಯುವವರು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ, ಯಾವ ಭಾಷೆಯಲ್ಲಿ ಬರೆದರೂ ವರದಿ ಮಸುಕಾಗಿಯೇ ಉಳಿಯುತ್ತದೆ.

2003ರ ಜನವರಿಯಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರುವಾಗ, ಇಂಧನ ತೊಟ್ಟಿಯಿಂದ ಕಳಚಿದ ಫೋಮ್ ತುಂಡೊಂದು ಅದರ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಎಂಜಿನಿಯರುಗಳು ಅಪಾಯದ ಅಂದಾಜನ್ನು ಸ್ಲೈಡುಗಳಲ್ಲಿ ಮಂಡಿಸಿದರು. ಅವುಗಳಲ್ಲಿ ಒಂದರ ಶೀರ್ಷಿಕೆ ಭರವಸೆ ಕೊಡುವಂತಿತ್ತು. ಇಂಥ ಬಡಿತದ ಹಾನಿ ತಿಳಿಯಲು ಹಿಂದೆ ನಡೆಸಿದ್ದ ಪರೀಕ್ಷೆಗಳಲ್ಲಿ ಬಳಸಿದ್ದ ತುಂಡು ಸುಮಾರು 3 ಘನ ಅಂಗುಲದ್ದಾದರೆ ರೆಕ್ಕೆಗೆ ಬಡಿದದ್ದು ಸುಮಾರು 1,920 ಘನ ಅಂಗುಲದ್ದು, ಎಂದರೆ 640 ಪಟ್ಟು ದೊಡ್ಡದು ಎಂಬ, ಎಲ್ಲಕ್ಕಿಂತ ಮೊದಲು ಹೇಳಬೇಕಿದ್ದ ಸಂಗತಿ, ಸ್ಲೈಡಿನ ತೀರ ಕೆಳಗೆ ಸಣ್ಣ ಅಕ್ಷರದಲ್ಲಿ ಉಳಿಯಿತು. ‘ಗಮನಾರ್ಹ’ ಎಂಬರ್ಥದ ಪದ ಅಲ್ಲಿ ಮತ್ತೆ ಮತ್ತೆ ಬಂದಿತ್ತು. ಎಷ್ಟು ಎಂಬುದನ್ನು ಅದು ಹೇಳುತ್ತಿರಲಿಲ್ಲ. ಫೆಬ್ರವರಿ 1ರಂದು ಮರಳುವಾಗ ನೌಕೆ ಛಿದ್ರಗೊಂಡು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ದುರಂತಕ್ಕೆ ಕಾರಣಗಳು ಹಲವು; ಆದರೆ ತನಿಖಾ ಮಂಡಳಿಯ ವರದಿ ಈ ಒಂದು ಸ್ಲೈಡಿನ ಬರವಣಿಗೆಯನ್ನೂ ಬಿಡಿಸಿ ಪರಿಶೀಲಿಸಿತು. ಅದನ್ನು ಸಿದ್ಧಪಡಿಸಿದವರಿಗೆ ಇಂಗ್ಲಿಷಿನ ಕೊರತೆ ಇರಲಿಲ್ಲ.

ನಿಮ್ಮ ವರದಿಯನ್ನು ಈ ಕಣ್ಣಿನಿಂದ ಇನ್ನೊಮ್ಮೆ ನೋಡಿ. ‘ಪಂಪಿನ ಸಾಮರ್ಥ್ಯ ಗಣನೀಯವಾಗಿ ಹೆಚ್ಚಿತು’ ಎಂದು ಬರೆದಿದ್ದರೆ ಓದುವವರ ಕೈಗೆ ಏನೂ ಸಿಗುವುದಿಲ್ಲ. ‘ಅದೇ ವೋಲ್ಟೇಜಿನಲ್ಲಿ, ಅದೇ ಎತ್ತರಕ್ಕೆ, ನಿಮಿಷಕ್ಕೆ 40 ಲೀಟರಿನ ಬದಲು 46 ಲೀಟರ್ ನೀರು ಬಂತು’ ಎಂದರೆ ಅಳತೆಯೂ ಷರತ್ತೂ ಒಟ್ಟಿಗೇ ತಿಳಿಯುತ್ತವೆ, ಅಲ್ಲದೆ ಅನುಮಾನವಿದ್ದವರು ತಾವೇ ಪರೀಕ್ಷಿಸಿ ನೋಡಬಹುದು. ಈ ವಾಕ್ಯಕ್ಕೆ ಬೇಕಾದ ಇಂಗ್ಲಿಷ್ ನಿಮಗೆ ಈಗಾಗಲೇ ಬರುತ್ತದೆ. ಮಾನಗಳ ಸಂಕೇತಗಳಲ್ಲಿಯೂ ಇದೇ ಎಚ್ಚರ ಬೇಕು: ಮಿಲಿವ್ಯಾಟ್ ಮತ್ತು ಮೆಗಾವ್ಯಾಟ್‌ಗಳ ಸಂಕೇತಗಳಿಗೆ ವ್ಯತ್ಯಾಸ ಮೊದಲ ಅಕ್ಷರ ಚಿಕ್ಕದೋ ದೊಡ್ಡದೋ ಎಂಬುದಷ್ಟೇ, ಬೆಲೆಯಲ್ಲಿ ಅಂತರ ನೂರು ಕೋಟಿ ಪಟ್ಟು.

ವರದಿಯನ್ನು ಓದುವ ಕ್ರಮದಲ್ಲೇ ಬರೆಯಬೇಕೆಂದಿಲ್ಲ. ಮೊದಲು ಕೋಷ್ಟಕ, ನಕ್ಷೆಗಳನ್ನು ಸಿದ್ಧಮಾಡಿ, ಬಳಿಕ ವಿಧಾನವನ್ನೂ ಫಲಿತಾಂಶವನ್ನೂ ಬರೆದು, ಪೀಠಿಕೆಯನ್ನು ಆಮೇಲೆ, ಸಾರಾಂಶವನ್ನು ಎಲ್ಲಕ್ಕೂ ಕೊನೆಗೆ ಬರೆಯುವುದು ಸುಲಭ. ಏನು ಸಿಕ್ಕಿತೆಂಬುದು ತಿಳಿಯದೆ ಸಾರಾಂಶ ಹುಟ್ಟುವುದಾದರೂ ಹೇಗೆ? ವಿಧಾನದ ವಿವರಗಳು ಪ್ರಯೋಗದ ದಿನವೇ ಟಿಪ್ಪಣಿ ಪುಸ್ತಕಕ್ಕೆ ಸೇರಿರಬೇಕು.

ಬರೆಯಲು ಕೂರುವ ಮುನ್ನ, ಊರಿನಲ್ಲಿರುವ ತಮ್ಮನಿಗೋ ತಂಗಿಗೋ ಫೋನಿನಲ್ಲಿ ಹೇಳುವಂತೆ, ಏನು ಮಾಡಿದಿರಿ, ಏನು ಕಂಡಿರಿ, ಅದರಿಂದ ಏನು ತಿಳಿಯಿತು ಎಂಬುದನ್ನು ಕನ್ನಡದಲ್ಲಿ ಮೂರು ವಾಕ್ಯಗಳಲ್ಲಿ ಹೇಳಿ ನೋಡಿ. ಕನ್ನಡದಲ್ಲಿ ತಡವರಿಸಿದರೆ ತೊಡಕು ವಿಷಯದಲ್ಲಿದೆ ಎಂದೇ ಅರ್ಥ. ಕನ್ನಡ ಶಾಲೆಯಲ್ಲಿ ಕಲಿತದ್ದು ನಿಮಗೆ ಇಲ್ಲಿ ನಿಜವಾದ ಬಲ, ಅದಕ್ಕಾಗಿ ಅಳುಕಬೇಡಿ. ಆ ಮೂರು ವಾಕ್ಯಗಳನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ವ್ಯಾಕರಣದ ಸಣ್ಣ ತಪ್ಪುಗಳನ್ನು ಕೊನೆಯಲ್ಲಿ ತಿದ್ದಬಹುದು.

ಒಪ್ಪಿಸುವ ಮೊದಲು ವರದಿಯನ್ನು ಸಿವಿಲ್ ವಿಭಾಗದ ಗೆಳೆಯನಿಗೆ ಕೊಟ್ಟು, ಅವನು ಓದುವಾಗ ಪಕ್ಕದಲ್ಲಿ ಸುಮ್ಮನೆ ಕೂತಿರಿ. ಅವನು ಎಲ್ಲಿ ನಿಂತು ಹಿಂದಿನ ಸಾಲಿಗೆ ಹೋಗುತ್ತಾನೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಬಾಯಲ್ಲಿ ವಿವರಿಸಬೇಡಿ, ವಿವರಿಸಬೇಕೆನಿಸಿದ ಮಾತನ್ನೇ ಆ ಜಾಗದಲ್ಲಿ ಬರೆಯಿರಿ.